ಬ್ರೇಕ್ ಎಷ್ಟು ಸಲ ಬ್ಲೀಡ್ ಮಾಡಿದರೂ ಗುಳ್ಳೆ ನಿಲ್ಲುತ್ತಿಲ್ಲ, ಪೆಡಲ್ ಮೆತ್ತಗೇ ಇದೆ. ಗಾಳಿ ಎಲ್ಲಿಂದ ಬರುತ್ತಿದೆ?

ಕೊಪ್ಪದ ಕಾರು:
ಎಲ್ಲರಿಗೂ ನಮಸ್ಕಾರ. ನಮ್ಮದು 2006ರ ಮಾರುತಿ 800. ಅಪ್ಪ ತೆಗೆದುಕೊಂಡ ಕಾರು, ಈಗ ನಾನು ಓಡಿಸುತ್ತಿದ್ದೇನೆ. ಮುಂದಿನ ಎರಡೂ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಜಾಮ್ ಆಗಿ ಚಕ್ರ ಬಿಸಿಯಾಗುತ್ತಿತ್ತು. ರಿಪೇರಿ ಮಾಡಿದ ಎರಡು ಕ್ಯಾಲಿಪರ್ ತಂದು, ಹೊಸ ರಬ್ಬರ್ ಹೋಸ್ ಹಾಕಿ, ಮನೆಯಲ್ಲಿ ನಾನೇ ಜೋಡಿಸಿದೆ. ಹಿಂದಿನ ಡ್ರಮ್ ಮುಟ್ಟಿಲ್ಲ.

ಆಮೇಲೆ ಬ್ಲೀಡ್ ಮಾಡೋಕೆ, ಅಂದರೆ ಬ್ರೇಕ್ ಆಯಿಲಿನಲ್ಲಿ ಸೇರಿದ ಏರ್ ತೆಗೆಯೋಕೆ ಕೂತೆ. ತಮ್ಮ ಪೆಡಲ್ ಒತ್ತುತ್ತಾನೆ, ನಾನು ನಿಪ್ಪಲ್ (ಗಾಳಿ ಹೊರಬಿಡುವ ಸಣ್ಣ ತಿರುಪು) ಬಿಡುತ್ತೇನೆ. ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ, ಹೀಗೆ ಐದು ಸುತ್ತು ಆಯಿತು. ಅರ್ಧ ಲೀಟರಿನ ಮೂರು ಬಾಟಲಿ ಬ್ರೇಕ್ ಆಯಿಲ್ ಖಾಲಿ. ಎಂಜಿನ್ ಆಫ್ ಇದ್ದಾಗಲೂ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ, ಒತ್ತಿದರೆ ಸ್ಪಂಜು ಒತ್ತಿದ ಹಾಗೆ. ಬೇಗ ಬೇಗ ಮೂರು ಸಲ ಪಂಪ್ ಮಾಡಿದರೆ ಮೇಲೆ ಬರುತ್ತದೆ. ಒಂದು ನಿಮಿಷ ಬಿಟ್ಟರೆ ಮತ್ತೆ ಮೊದಲಿನಂತೆ.

ಕೈಯಲ್ಲಿ ಹಿಡಿದು ಎಳೆಯುವ ವ್ಯಾಕ್ಯೂಮ್ ಪಂಪ್ ಕೂಡ ತರಿಸಿದೆ. ಅದರಲ್ಲಿ ಎಳೆದರೆ ನಾಲ್ಕೂ ಚಕ್ರದಲ್ಲಿ ಸಣ್ಣ ಸಣ್ಣ ಗುಳ್ಳೆ ಬರುತ್ತಲೇ ಇವೆ, ನಿಲ್ಲುವುದೇ ಇಲ್ಲ. ಎಲ್ಲೂ ಆಯಿಲ್ ಸೋರಿದ ಗುರುತಿಲ್ಲ. ಮುಂದಿನ ವಾರ ಅಮ್ಮನನ್ನು ಉಡುಪಿಗೆ ಕರೆದುಕೊಂಡು ಹೋಗಬೇಕು, ಆಗುಂಬೆ ಘಾಟಿ ಇಳಿಯಬೇಕು. ಈ ಬ್ರೇಕ್ ಇಟ್ಟುಕೊಂಡು ನಾನು ಇಳಿಯುವುದಿಲ್ಲ. ದಯವಿಟ್ಟು ದಾರಿ ಹೇಳಿ.

ಪಂಚರ್ ಪೆಟ್ಟಿಗೆ:
ಮಾಸ್ಟರ್ ಸಿಲಿಂಡರ್ ಹೋಗಿದೆ. ಅಸೆಂಬ್ಲಿ ಬದಲಿಸಿ, ಮುಗೀತು.

ಹಳೇ ಗ್ಯಾರೇಜ್:
ಸ್ವಲ್ಪ ನಿಲ್ಲಿ. ಲಕ್ಷಣ ನೋಡದೆ ಮಾಸ್ಟರ್ ಬದಲಿಸಿ ಅನ್ನಬೇಡಿ. ಅದು ಸಣ್ಣ ಖರ್ಚಲ್ಲ.

ಮಾಸ್ಟರ್ ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ದೂಡುವ ಸಿಲಿಂಡರ್. ಅದರ ಒಳಗೆ ರಬ್ಬರ್ ಸೋತಿದ್ದರೆ ಪೆಡಲ್ ಬೇರೆ ಥರ ವರ್ತಿಸುತ್ತದೆ. ಒಂದೇ ಸಮನೆ ಕಾಲಿಟ್ಟು ಒತ್ತಿ ಹಿಡಿದರೆ ಪೆಡಲ್ ನಿಧಾನವಾಗಿ, ತಾನಾಗಿ ನೆಲದ ಕಡೆ ಇಳಿಯುತ್ತಾ ಹೋಗುತ್ತದೆ. ಹೊರಗೆ ಹನಿ ಆಯಿಲ್ ಕಾಣದಿದ್ದರೂ ಹಾಗೆ ಇಳಿದರೆ ಮಾಸ್ಟರ್ ಮೇಲೆ ಅನುಮಾನ ಪಡಬೇಕು. ಇವರದ್ದು ಹಾಗಲ್ಲ. ಪಂಪ್ ಮಾಡಿದರೆ ಮೇಲೆ ಬರುತ್ತದೆ, ಬಿಟ್ಟರೆ ಮತ್ತೆ ತಗ್ಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಒಂದು, ಒಳಗೆ ಗಾಳಿ ಇದೆ. ಇನ್ನೊಂದು, ಹಿಂದಿನ ಡ್ರಮ್ಮಿನಲ್ಲಿ ಶೂ (ಡ್ರಮ್ಮನ್ನು ಒಳಗಿಂದ ಒತ್ತುವ ಭಾಗ) ಮತ್ತು ಡ್ರಮ್ ನಡುವೆ ಅಂತರ ಜಾಸ್ತಿಯಾಗಿದೆ. ಎರಡಕ್ಕೂ ಪೆಡಲ್ ಒಂದೇ ಥರ ಕಾಣುತ್ತದೆ. ಅದಕ್ಕೇ ಜನ ಗಾಳಿ ಅಂದುಕೊಂಡು ಲೀಟರುಗಟ್ಟಲೆ ಆಯಿಲ್ ಸುರಿಯುತ್ತಾರೆ.

ಕೊಪ್ಪದವರೇ, ಮೂರು ಪರೀಕ್ಷೆ ಮಾಡಿ ನೋಡಿ. ಎಲ್ಲಾ ಎಂಜಿನ್ ಆಫ್ ಮಾಡಿಯೇ.

ಮೊದಲು ಕಾಲು ನಿಮಿಷ ಪೆಡಲ್ ಒತ್ತಿ ಹಿಡಿಯಿರಿ, ಇಳಿಯುತ್ತಾ ನೋಡಿ. ಆಮೇಲೆ ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು ಪೆಡಲ್ ಒತ್ತಿ. ಹ್ಯಾಂಡ್ ಬ್ರೇಕ್ ಎಳೆದಾಗ ಪೆಡಲ್ ಎತ್ತರದಲ್ಲೇ ನಿಂತರೆ ಹಿಂದಿನ ಶೂ ಸಡಿಲ ಇದೆ ಅಂತ ಅರ್ಥ. ಯಾಕೆಂದರೆ ಕೇಬಲ್ ಎಳೆದಾಗ ಶೂ ಆಗಲೇ ಡ್ರಮ್ಮಿಗೆ ತಾಗಿರುತ್ತದೆ, ಆಯಿಲ್ ಅದನ್ನು ದೂಡಬೇಕಾಗಿಲ್ಲ.

ಮೂರನೆಯದಕ್ಕೆ ಇಬ್ಬರು ಬೇಕು. ಆಯಿಲ್ ಡಬ್ಬಿಯ ಮುಚ್ಚಳ ತೆಗೆಯಿರಿ. ಒಬ್ಬರು ಐದಾರು ಸಲ ಪಂಪ್ ಮಾಡಿ, ಒತ್ತಿ ಹಿಡಿದು, ಪಟ್ಟನೆ ಕಾಲು ತೆಗೆಯಲಿ. ಒಳಗೆ ಗಾಳಿ ಇದ್ದರೆ ಡಬ್ಬಿಯೊಳಗೆ ಆಯಿಲ್ ಬುಗ್ಗೆಯ ಹಾಗೆ ಮೇಲೆ ಚಿಮ್ಮುತ್ತದೆ. ಒತ್ತಿದ ಗಾಳಿ ಹಿಗ್ಗಿ ಆಯಿಲನ್ನು ವಾಪಸ್ ದೂಡುವುದರಿಂದ ಹಾಗಾಗುತ್ತದೆ. ಗಾಳಿ ಇಲ್ಲದಿದ್ದರೆ ಸಣ್ಣ ಅಲೆ ಅಷ್ಟೇ. ಮುಖ ಬಗ್ಗಿಸಿ ನೋಡಬೇಡಿ, ಕಣ್ಣಿಗೆ ಕನ್ನಡಕ ಇರಲಿ. ಬಾನೆಟ್ ಮೇಲೆ, ಫೆಂಡರ್ ಮೇಲೆ ಹಳೇ ಬಟ್ಟೆ ಹಾಸಿ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಬಿದ್ದರೆ ತಕ್ಷಣ ನೀರು ಸುರಿದು ತೊಳೆಯಿರಿ.

ಘಟ್ಟದ ದಾರಿ:
ವ್ಯಾಕ್ಯೂಮ್ ಪಂಪಿನ ಗುಳ್ಳೆ ನಂಬಬೇಡಿ! ನಾನು ಎರಡು ಭಾನುವಾರ ಇದರಲ್ಲೇ ಕಳೆದಿದ್ದೇನೆ.

ನಿಪ್ಪಲ್ಲಿನ ತುದಿ ಚೂಪಾಗಿ, ಕೋನ್ ಥರ ಇರುತ್ತದೆ. ಸೀಲ್ ಆಗುವುದು ಆ ತುದಿಯಲ್ಲಿ. ಮರೆ, ಅಂದರೆ ತಿರುಪಿನ ಥ್ರೆಡ್ ಇದೆಯಲ್ಲ, ಅದಕ್ಕೆ ಸೀಲಿಂಗ್ ಇಲ್ಲ. ನೀವು ಕಾಲು ಸುತ್ತು ಬಿಟ್ಟ ಕೂಡಲೇ ತುದಿ ತೆರೆದುಕೊಳ್ಳುತ್ತದೆ. ಆಗ ಪಂಪಿನಲ್ಲಿ ಎಳೆದರೆ ಒಳಗಿನ ಆಯಿಲ್ ಜೊತೆಗೆ ಹೊರಗಿನ ಗಾಳಿಯೂ ಮರೆಯ ಸಂದಿಯಿಂದ ನುಸುಳಿ ಪೈಪಿಗೆ ಬರುತ್ತದೆ. ಅದು ಹೊರಗಿಂದ ಬಂದು ಹೊರಗೇ ಹೋಗುವ ಗಾಳಿ, ಬ್ರೇಕ್ ಒಳಗೆ ಇದ್ದದ್ದಲ್ಲ. ನಾಲ್ಕೂ ಚಕ್ರದಲ್ಲಿ ಒಂದೇ ಸಮನೆ ಸಣ್ಣ ಗುಳ್ಳೆ ಬಂತು ಅಂದಿರಲ್ಲ, ಇದೇ ಇರಬೇಕು.

ನಿಪ್ಪಲ್ ಪೂರ್ತಿ ಬಿಗಿ ಮಾಡಿ ಪಂಪಿನಲ್ಲಿ ಎಳೆಯಿರಿ. ಆಗಲೂ ಗುಳ್ಳೆ ಬಂದರೆ ನಿಮ್ಮ ಪೈಪ್ ನಿಪ್ಪಲ್ಲಿಗೆ ಸರಿಯಾಗಿ ಕಚ್ಚಿಲ್ಲ. ಬಿಗಿ ಇದ್ದಾಗ ಬರದೆ, ಬಿಟ್ಟಾಗ ಮಾತ್ರ ಬಂದರೆ ಮರೆಯಿಂದ ಬರುತ್ತಿರುವ ಸಾಧ್ಯತೆಯೇ ಹೆಚ್ಚು.

ಕರಾವಳಿ ಡ್ರೈವರ್:
ಮರೆಗೆ ಟೆಫ್ಲಾನ್ ಟೇಪ್ ಸುತ್ತಿದರೆ ಆಯಿತು. ನಾನು ಯಾವಾಗಲೂ ಸುತ್ತುತ್ತೇನೆ.

ಹಳೇ ಗ್ಯಾರೇಜ್:
ಸುತ್ತಬಹುದು, ಆದರೆ ಎಚ್ಚರ ಬೇಕು. ತುದಿಯ ಕಡೆ ಎರಡು ಮೂರು ಮರೆ ಖಾಲಿ ಬಿಡಿ. ಟೇಪಿನ ಚೂರು ಕೋನ್ ಹತ್ತಿರ ಹೋಗಿ ಕೂತರೆ ನಿಪ್ಪಲ್ ಸೀಲ್ ಆಗುವುದಿಲ್ಲ, ಒಳಗೆ ಬಿದ್ದರೆ ಇನ್ನೂ ಕಷ್ಟ. ನನ್ನನ್ನು ಕೇಳಿದರೆ ಇಬ್ಬರು ಕೂತು ಪೆಡಲ್ ಒತ್ತಿ ಮಾಡುವುದೇ ಒಳ್ಳೆಯದು. ಅಲ್ಲಿ ಒಳಗಿಂದ ಒತ್ತಡ ಇರುತ್ತದೆ. ಹಾಗಾಗಿ ಮರೆಯಿಂದ ಆಯಿಲ್ ಹೊರಗೆ ಬರಬಹುದೇ ಹೊರತು ಗಾಳಿ ಒಳಗೆ ಹೋಗುವುದಿಲ್ಲ. ಒಂದೇ ನಿಯಮ: ಪೆಡಲ್ ಕೆಳಗಿರುವಾಗಲೇ ನಿಪ್ಪಲ್ ಬಿಗಿಯಾಗಬೇಕು, ಆಮೇಲೆಯೇ ಕಾಲು ಎತ್ತಬೇಕು. ನೀವು ಬಿಗಿ ಮಾಡುವ ಮೊದಲೇ ತಮ್ಮ ಕಾಲು ಎತ್ತಿದರೆ ಹೋದ ಗಾಳಿ ವಾಪಸ್ ಬರುತ್ತದೆ. ನಮ್ಮ ಗ್ಯಾರೇಜಿನಲ್ಲಿ ಹುಡುಗರಿಗೆ ಕೂಗಿ ಹೇಳೋಕೆ ಕಲಿಸುತ್ತಿದ್ದೆ. “ಒತ್ತು” ಅಂದರೆ ಒಳಗಿನವನು “ಒತ್ತಿದೆ” ಅನ್ನಬೇಕು. “ಬಿಡು” ಅಂದಾಗ ಮಾತ್ರ ಬಿಡಬೇಕು, “ಬಿಟ್ಟೆ” ಅನ್ನಬೇಕು. ಕಾರಿನ ಕೆಳಗಿರುವವನಿಗೆ ಒಳಗಿನವನ ಕಾಲು ಕಾಣುವುದಿಲ್ಲ ನೋಡಿ.

ಇನ್ನೊಂದು, ಹಳೇ ಕಾರಿನಲ್ಲಿ ಪೆಡಲ್ ನೆಲ ಮುಟ್ಟುವ ತನಕ ಒತ್ತಬೇಡಿ. ದಿನಾ ಓಡಿಸುವಾಗ ಮಾಸ್ಟರಿನ ಪಿಸ್ಟನ್ ಬೋರಿನ ಮುಂಭಾಗದಲ್ಲೇ ಆಡುತ್ತಿರುತ್ತದೆ. ಆಚೆಯ ತುದಿಯಲ್ಲಿ ವರ್ಷಗಟ್ಟಲೆ ಕೊಳೆ, ತುಕ್ಕು ಕೂತಿರುತ್ತದೆ. ಬ್ಲೀಡ್ ಮಾಡುವಾಗ ರಬ್ಬರ್ ಅದರ ಮೇಲೆ ಉಜ್ಜಿದರೆ ಹರಿಯುತ್ತದೆ. ಚೆನ್ನಾಗಿದ್ದ ಮಾಸ್ಟರ್ ಬ್ಲೀಡಿಂಗ್ ಆದ ಮೇಲೆ ಹಾಳಾಯಿತು ಅಂತ ಎಷ್ಟೋ ಜನ ಬರುತ್ತಿದ್ದರು. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ಪೂರ್ತಿ ಹೋಗದ ಹಾಗೆ.

ಕೊಪ್ಪದ ಕಾರು:
ತುಂಬಾ ಥ್ಯಾಂಕ್ಸ್ ಅಣ್ಣ. ಬೆಳಿಗ್ಗೆ ಎಲ್ಲಾ ಮಾಡಿ ನೋಡಿದೆ.

ಒತ್ತಿ ಹಿಡಿದರೆ ಪೆಡಲ್ ಇಳಿಯುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ಹ್ಯಾಂಡ್ ಬ್ರೇಕ್ ಎಳೆದರೆ ಸ್ವಲ್ಪ ಮೇಲೆ ಬರುತ್ತದೆ, ಒಂದು ಬೆರಳಿನಷ್ಟು. ಆದರೆ ಆಗಲೂ ಮೆತ್ತಗೇ ಇದೆ. ಮುಚ್ಚಳ ತೆಗೆದು ನೋಡಿದಾಗ ಆಯಿಲ್ ಚೆನ್ನಾಗಿಯೇ ಚಿಮ್ಮಿತು, ಬಟ್ಟೆ ಹಾಸಿದ್ದು ಒಳ್ಳೆಯದಾಯಿತು. ನಿಪ್ಪಲ್ ಬಿಗಿ ಮಾಡಿ ಪಂಪ್ ಎಳೆದರೆ ಗುಳ್ಳೆ ಇಲ್ಲ, ಬಿಟ್ಟರೆ ಬರುತ್ತದೆ.

ಅಂದರೆ ಮಾಸ್ಟರ್ ಸರಿ ಇದೆ, ಪಂಪಿನ ಗುಳ್ಳೆ ಸುಳ್ಳು, ಆದರೆ ಒಳಗೆ ಗಾಳಿ ಇರುವುದು ನಿಜ. ಅಲ್ವಾ? ಹಾಗಾದರೆ ಅದು ಯಾಕೆ ಹೊರಗೆ ಬರುತ್ತಿಲ್ಲ? ಇಬ್ಬರು ಕೂತು ಪೆಡಲಿನಲ್ಲಿ ಮಾಡಿದಾಗ ಪೈಪಿನಲ್ಲಿ ಒಂದು ಗುಳ್ಳೆಯೂ ಕಾಣುತ್ತಿಲ್ಲ, ಬರೀ ಶುದ್ಧ ಆಯಿಲ್.

ಲೆಕ್ಕದ ಮೇಷ್ಟ್ರು:
ಎಷ್ಟು ಗಾಳಿ ಇದ್ದರೆ ಇಷ್ಟು ಮೆತ್ತಗಾಗುತ್ತದೆ ಅಂತ ಒಂದು ಸಣ್ಣ ಲೆಕ್ಕ ಹಾಕಿದೆ. ಮಾಸ್ಟರಿನ ಬೋರ್ 19 ಮಿ.ಮೀ. ಅಂತ ಇಟ್ಟುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 2.8 ಚದರ ಸೆಂ.ಮೀ. ಒಂದು ಸಿಸಿ ಗಾಳಿಯನ್ನು ಪೂರ್ತಿ ಒತ್ತಿ ಹಾಕಲು ಪಿಸ್ಟನ್ ಸುಮಾರು 3.5 ಮಿ.ಮೀ. ಜಾಸ್ತಿ ಓಡಬೇಕು. ಪೆಡಲಿನ ಸನ್ನೆಕೋಲಿನ ಲೆಕ್ಕ 4ಕ್ಕೆ 1 ಅಂದರೆ ನಿಮ್ಮ ಕಾಲು 14 ಮಿ.ಮೀ. ಜಾಸ್ತಿ ಇಳಿಯುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಪೈಪಿನೊಳಗೆ ವಾತಾವರಣದ ಒತ್ತಡದ 50 ಪಟ್ಟು, ಅದಕ್ಕೂ ಹೆಚ್ಚು ಒತ್ತಡ ಇರುತ್ತದೆ. ಆ ಒತ್ತಡಕ್ಕೆ ಗಾಳಿ ಐವತ್ತರಲ್ಲಿ ಒಂದು ಪಾಲಾಗುತ್ತದೆ, ಆಯಿಲ್ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಎರಡು ಕ್ಯಾಲಿಪರಿನಲ್ಲಿ ತಲಾ ಒಂದೂವರೆ ಸಿಸಿ ಉಳಿದಿದ್ದರೂ ಪೆಡಲ್ ನಾಲ್ಕು ಸೆಂ.ಮೀ. ಕೆಳಗೆ. ಒಂದೂವರೆ ಸಿಸಿ ಅಂದರೆ ಮೂವತ್ತು ಹನಿ ನೀರು ಹಿಡಿಯುವಷ್ಟು ಜಾಗ. ನಿಮ್ಮದಕ್ಕೆ ಈ ಲೆಕ್ಕ ಸರಿಹೊಂದುತ್ತದೆ.

ಮಿಶಿಗನ್ ಕನ್ನಡತಿ:
ನಾನಿರುವ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಬ್ರೇಕ್ ಪೈಪೆಲ್ಲ ತುಕ್ಕು ಹಿಡಿಯುತ್ತದೆ. ಹಾಗಾಗಿ ಈ ಕೆಲಸ ನಾನೂ ಕಲಿಯಬೇಕಾಯಿತು. ಇಲ್ಲಿ ನಾನು ಮಾಡುವುದು ಇಷ್ಟು: ಹೋಸ್ ಒತ್ತಿ ಹಿಡಿಯುವ ಕ್ಲ್ಯಾಂಪ್ ಸಿಗುತ್ತದೆ, ಅದರ ಬಾಯಿ ದುಂಡಗೆ, ನುಣ್ಣಗೆ ಇರುತ್ತದೆ. ಒಂದೊಂದೇ ರಬ್ಬರ್ ಹೋಸ್ ಒತ್ತಿ ಹಿಡಿದು ಪೆಡಲ್ ಒತ್ತಿ ನೋಡುವುದು. ಯಾವುದನ್ನು ಮುಚ್ಚಿದಾಗ ಪೆಡಲ್ ಗಟ್ಟಿಯಾಗುತ್ತದೋ ಗಾಳಿ ಆ ಚಕ್ರದಲ್ಲಿದೆ. ಸಾಮಾನ್ಯ ಪ್ಲೈಯರ್, ವೈಸ್ ಗ್ರಿಪ್ ಹಾಕಬೇಡಿ, ಹೋಸ್ ಒಳಗಿನ ಪದರ ಸೀಳುತ್ತದೆ.

ಸ್ಪೇರ್ಸ್ ಅಂಗಡಿಯವ:
ಮೇಡಂ ಹೇಳಿದ್ದು ಸರಿ. ಆದರೆ ಹಳೇ ಗಟ್ಟಿಯಾದ ಹೋಸಿಗೆ ಆ ಕ್ಲ್ಯಾಂಪೂ ಬೇಡ. ಇವರದ್ದು ಹೊಸ ಹೋಸ್, ಹಗುರವಾಗಿ ಹಾಕಬಹುದು.

ಇನ್ನೊಂದು ವಿಷಯ. ಹೋಸ್ ತುದಿಯಲ್ಲಿ ಬ್ಯಾಂಜೋ ಬೋಲ್ಟ್ (ಆಯಿಲ್ ಹರಿಯಲು ಒಳಗೆ ತೂತಿರುವ ಬೋಲ್ಟ್) ಇದ್ದರೆ ಅದರ ಎರಡೂ ಬದಿಗೆ ತಾಮ್ರದ ವಾಷರ್ ಹೊಸದೇ ಹಾಕಬೇಕು. ಒಮ್ಮೆ ಬಿಗಿ ಮಾಡಿದ ಮೇಲೆ ಅದು ಚಪ್ಪಟೆಯಾಗಿ ಆ ಜಾಗದ ಅಚ್ಚು ಹಿಡಿದಿರುತ್ತದೆ. ತೆಗೆದು ಮತ್ತೆ ಹಾಕಿದರೆ ಕೂರುವುದಿಲ್ಲ. ಕೆಲವೇ ರೂಪಾಯಿಯ ವಾಷರ್, ಅದಕ್ಕೆ ಚೌಕಾಶಿ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೋಸ್ ಕೊಳ್ಳಲು ಬರುವವರಿಗೆ ಅವರು ಕೇಳದಿದ್ದರೂ ನಾನು ಎರಡು ವಾಷರ್ ಕಟ್ಟಿಕೊಡುತ್ತಿದ್ದೆ.

ಕರಾವಳಿ ಡ್ರೈವರ್:
ನನ್ನ ಓಮ್ನಿಯಲ್ಲಿ ಆದದ್ದು ಹೇಳುತ್ತೇನೆ, ಇವರಿಗೆ ಹೊಂದದಿದ್ದರೂ ಬೇರೆಯವರಿಗೆ ಉಪಯೋಗ ಆಗಬಹುದು. ಪ್ರತಿ ಮೂರು ತಿಂಗಳಿಗೆ ಪೆಡಲ್ ಮೆತ್ತಗಾಗುತ್ತಿತ್ತು. ಏರ್ ತೆಗೆದರೆ ಸರಿಯಾಗುತ್ತಿತ್ತು. ಒಂದು ಹನಿ ಸೋರಿಕೆ ಇಲ್ಲ. ಕೊನೆಗೆ ಸಿಕ್ಕಿದ್ದು ಹಿಂದಿನ ಬಲಗಡೆ ವೀಲ್ ಸಿಲಿಂಡರಿನಲ್ಲಿ (ಡ್ರಮ್ಮಿನೊಳಗೆ ಶೂಗಳನ್ನು ದೂಡುವ ಸಿಲಿಂಡರ್). ಅದರೊಳಗಿನ ರಬ್ಬರ್ ಕಪ್ ತುಟಿ ಸವೆದಿತ್ತು. ಒತ್ತಿದಾಗ ಆಯಿಲ್ ಆ ತುಟಿಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ, ಸೋರುವುದಿಲ್ಲ. ಕಾಲು ಎತ್ತಿದ ಕ್ಷಣ ಸ್ವಲ್ಪ ಎಳೆತ ಬರುತ್ತದೆ, ಆಗ ಸವೆದ ತುಟಿ ಗಾಳಿಯನ್ನು ಒಳಗೆ ಬಿಡುತ್ತದೆ. ಆಯಿಲ್ ಹೊರಗೆ ಬರುತ್ತಿಲ್ಲ, ಹಾಗಾಗಿ ಗಾಳಿ ಒಳಗೆ ಹೋಗುವುದಿಲ್ಲ ಅಂತ ನಾನು ನಂಬಿದ್ದೆ. ಅದು ತಪ್ಪು. ಸಿಲಿಂಡರಿನ ಡಸ್ಟ್ ಕವರ್ ಮೆಲ್ಲಗೆ ಎತ್ತಿ ನೋಡಿ. ಒಳಗೆ ಒದ್ದೆ ಇದ್ದರೆ ಯೋಚನೆ ಮಾಡದೆ ಬದಲಿಸಿ.

ಕೊಪ್ಪದ ಕಾರು:
ಕ್ಲ್ಯಾಂಪ್ ಒಬ್ಬರ ಹತ್ತಿರ ಸಿಕ್ಕಿತು. ಹಿಂದೆ ಹಾಕಿದರೆ ಪೆಡಲಿನಲ್ಲಿ ಹೆಚ್ಚೇನೂ ವ್ಯತ್ಯಾಸ ಇಲ್ಲ. ಮುಂದಿನ ಎಡಕ್ಕೆ ಹಾಕಿದರೆ ಸುಮಾರಾಗಿ ಗಟ್ಟಿ. ಎಡ, ಬಲ ಎರಡಕ್ಕೂ ಹಾಕಿದರೆ ಕಲ್ಲಿನ ಹಾಗೆ! ಅಂದರೆ ಗಾಳಿ ಮುಂದಿನ ಎರಡೂ ಕಡೆ ಇದೆ. ವಾಷರ್ ಹೊಸದೇ ಹಾಕಿದ್ದೇನೆ. ಬೆಳ್ಳಗಿನ ಪೇಪರ್ ಸುತ್ತಿ ರಾತ್ರಿಯಿಡೀ ಬಿಟ್ಟೆ, ಒಂದು ಚುಕ್ಕೆ ಇಲ್ಲ.

ಇವತ್ತು ಮತ್ತೆ ಮುಂದಿನ ಎರಡಕ್ಕೂ ಅರ್ಧ ಬಾಟಲಿ ಹರಿಸಿದೆ. ನಿಪ್ಪಲ್ ಕ್ಯಾಲಿಪರಿನ ಕೆಳಗಡೆ ಇರುವುದರಿಂದ ಸ್ಪ್ಯಾನರ್ ಹಾಕಲು ಸುಲಭ, ನೆಲದಲ್ಲಿ ಕೂತೇ ಮಾಡಿದೆ. ಪೈಪಿನಲ್ಲಿ ಗುಳ್ಳೆ ಇಲ್ಲ. ಪೆಡಲ್ ಮೆತ್ತಗೇ.

ಹಳೇ ಗ್ಯಾರೇಜ್:
ನಿಪ್ಪಲ್ ಕೆಳಗಡೆ ಇದೆಯಾ? ಕ್ಯಾಲಿಪರಿಗೆ ಹೋಸ್ ಸೇರುವ ಜಾಗಕ್ಕಿಂತ ಕೆಳಗೆ? ಒಂದು ಫೋಟೋ ಹಾಕಿ.

ಘಟ್ಟದ ದಾರಿ:
ಅದೇ! ಸಿಕ್ಕಿತು!

ಕೊಪ್ಪದ ಕಾರು:
ಹಾಕಿದ್ದೇನೆ ನೋಡಿ. ಎರಡೂ ಕಡೆ ಒಂದೇ ಥರ. ಹೋಸ್ ಮೇಲೆ, ನಿಪ್ಪಲ್ ಕೆಳಗೆ.

ಹಳೇ ಗ್ಯಾರೇಜ್:
ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿದೆ. ಹಾಗೆ ಹಾಕಿದರೂ ಪಿನ್ ಕೂರುತ್ತದೆ, ಪ್ಯಾಡ್ ಕೂರುತ್ತದೆ, ಬೋಲ್ಟ್ ಬಿಗಿಯಾಗುತ್ತದೆ. ಡಬ್ಬದಲ್ಲಿ ಎಡ ಬಲ ಅಂತ ಬರೆದಿಲ್ಲದಿದ್ದರೆ ಯಾರಿಗಾದರೂ ಆಗುತ್ತದೆ.

ಬೋರಿನ ಒಳಗೆ ಪಿಸ್ಟನ್ ಹಿಂದೆ ಒಂದು ಸಣ್ಣ ಕೋಣೆ ಇದೆ ಅಂದುಕೊಳ್ಳಿ, ಅದರ ತುಂಬ ಆಯಿಲ್. ಗಾಳಿ ಆಯಿಲಿಗಿಂತ ಹಗುರ, ಅದು ಹೋಗಿ ಕೋಣೆಯ ಸೂರಿಗೆ ಅಂಟಿ ಕೂತಿದೆ. ನಿಮ್ಮ ಬಾಗಿಲು ನೆಲದ ಹತ್ತಿರ ಇದೆ. ಮೇಲಿನ ಹೋಸಿನಿಂದ ಬಂದ ಹೊಸ ಆಯಿಲ್ ಕೆಳಗಿಳಿದು ಆ ಬಾಗಿಲಿನಿಂದ ಹೋಗುತ್ತದೆ. ಐದು ಲೀಟರ್ ಹರಿಸಿದರೂ ಸೂರಿನ ಗಾಳಿ ಅಲುಗುವುದಿಲ್ಲ. ಅದಕ್ಕೇ ನಿಮ್ಮ ಪೈಪಿನಲ್ಲಿ ಶುದ್ಧ ಆಯಿಲ್, ಪೆಡಲ್ ಮಾತ್ರ ಮೆತ್ತಗೆ. ನಿಪ್ಪಲ್ ಯಾವಾಗಲೂ ಮೇಲೆಯೇ ಇರಬೇಕು.

ಅದಲುಬದಲು ಮಾಡಿ. ತಾಮ್ರದ ವಾಷರ್ ನಾಲ್ಕೂ ಮತ್ತೆ ಹೊಸದು. ಹೋಸ್ ತಿರುಚಿಕೊಳ್ಳದ ಹಾಗೆ ನೋಡಿ. ಸ್ಟೀರಿಂಗ್ ಆ ತುದಿ ಈ ತುದಿ ತಿರುಗಿಸಿ, ಟೈರಿಗೆ ತಾಗುತ್ತಾ ಅಂತ ನೋಡಿ. ಪೈಪನ್ನು ನಿಪ್ಪಲ್ಲಿನಿಂದ ಮೊದಲು ಮೇಲಕ್ಕೆ ಎತ್ತಿ, ಆಮೇಲೆ ಬಾಟಲಿಗೆ ಇಳಿಸಿ. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪ್ ಸಾಕು. ಬಾಟಲಿಯಲ್ಲಿ ಪೈಪಿನ ತುದಿ ಆಯಿಲಿನಲ್ಲಿ ಮುಳುಗಿರಲಿ. ಡಬ್ಬಿಯ ಮಟ್ಟ ಐದಾರು ಸಲ ಒತ್ತಿದ ಮೇಲೆ ನೋಡುತ್ತಿರಿ. ಅದು ಒಮ್ಮೆ ಖಾಲಿಯಾದರೆ ಎಲ್ಲಾ ಮೊದಲಿಂದ.

ಆಮೇಲೆ ಹಿಂದಿನ ಡ್ರಮ್ ಬಿಚ್ಚಿ. ಹ್ಯಾಂಡ್ ಬ್ರೇಕ್ ಎಳೆದಾಗ ಬೆರಳಷ್ಟು ಮೇಲೆ ಬಂತು ಅಂದಿರಲ್ಲ, ಅಲ್ಲೂ ಸ್ವಲ್ಪ ಸಡಿಲ ಇದೆ.

ಎಬಿಎಸ್ ಕಾರು:
ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಕಾರಿನಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆ. ಅದಕ್ಕೂ ಇದೇ ವಿಧಾನವಾ?

ಮಿಶಿಗನ್ ಕನ್ನಡತಿ:
ಬರೀ ಆಯಿಲ್ ಬದಲಿಸಲು, ಕ್ಯಾಲಿಪರ್ ಹಾಕಲು ಸಾಮಾನ್ಯವಾಗಿ ಇದೇ ಸಾಕು, ಡಬ್ಬಿ ಖಾಲಿಯಾಗದಿದ್ದರೆ. ಎಬಿಎಸ್ ಬ್ಲಾಕಿನ ಒಳಗೇ ಗಾಳಿ ಸೇರಿದರೆ ಅದರ ವಾಲ್ವ್‌ಗಳನ್ನು ಸ್ಕ್ಯಾನರ್ ಹಾಕಿ ತೆರೆಸಬೇಕಾಗುತ್ತದೆ. ಅದು ಇಲ್ಲದೆ ಕೆಲವು ಕಾರಿನಲ್ಲಿ ಆ ಗಾಳಿ ಬರುವುದಿಲ್ಲ. ಯಾವ ಚಕ್ರ ಮೊದಲು ಅನ್ನುವುದೂ ಕಾರಿನಿಂದ ಕಾರಿಗೆ ಬೇರೆ. ನಿಮ್ಮ ಮ್ಯಾನುಯಲ್ ನೋಡಿ.

ಕೊಪ್ಪದ ಕಾರು:
ಆಯಿತು! ಬರೆಯಲು ಎಷ್ಟು ಖುಷಿಯಾಗುತ್ತಿದೆ ಗೊತ್ತಾ.

ಅದಲುಬದಲು ಮಾಡಿ ಎಡಗಡೆ ನಿಪ್ಪಲ್ ಬಿಟ್ಟೆ. ಮೊದಲ ಒತ್ತಿಗೇ ಪೈಪಿನಲ್ಲಿ ಬೆರಳುದ್ದದ ಖಾಲಿ ಜಾಗ ಸರಸರ ಏರಿ ಹೋಯಿತು. ಎರಡನೇ ಒತ್ತಿಗೆ ಬಟಾಣಿ ಗಾತ್ರದ ಮೂರು ಗುಳ್ಳೆ. ಆಮೇಲೆ ಸಾಸಿವೆ ಥರ ಸಣ್ಣವು. ಏಳನೆಯದಕ್ಕೆ ಬರೀ ಆಯಿಲ್. ತಮ್ಮ ಒಳಗಿಂದಲೇ “ಅಣ್ಣಾ, ಪೆಡಲ್ ಬೇರೆಯಾಯ್ತು” ಅಂದ. ನಾನು ಹೇಳುವ ಮೊದಲೇ ಅವನ ಕಾಲಿಗೆ ಗೊತ್ತಾಗಿತ್ತು. ಬಲಗಡೆಯೂ ಹಾಗೇ. ಹಿಂದಿನ ಡ್ರಮ್ ಬಿಚ್ಚಿ ಧೂಳು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಶೂ ಅಂತರ ಹೊಂದಿಸುವ ಅಡ್ಜಸ್ಟರ್ ತುಕ್ಕಿಗೆ ಹಿಡಿದುಕೊಂಡಿತ್ತು, ಬಿಡಿಸಿ ಸರಿ ಮಾಡಿದೆ. ಈಗ ಪೆಡಲ್ ಮೇಲೆಯೇ ನಿಲ್ಲುತ್ತದೆ, ಗಟ್ಟಿ.

ಒಂದೇ ಅನುಮಾನ. ಪಂಪ್ ಮಾಡಿ ಗಟ್ಟಿಯಾದ ಪೆಡಲ್ ಮೇಲೆ ಕಾಲಿಟ್ಟು ಎಂಜಿನ್ ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಇಳಿಯುತ್ತದೆ. ಮತ್ತೆ ಗಾಳಿಯಾ?

ಘಟ್ಟದ ದಾರಿ:
ಅಲ್ಲ, ಅದು ಬೂಸ್ಟರ್ (ಎಂಜಿನ್ ಓಡುವಾಗ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ) ಕೆಲಸ ಮಾಡುತ್ತಿರುವ ಗುರುತು. ಇಳಿಯಲೇಬೇಕು. ಇಳಿಯದಿದ್ದರೆ ಬೂಸ್ಟರ್ ನೋಡಿಸಬೇಕಿತ್ತು.

ಯಾವ ಆಯಿಲ್ ಹಾಕಿದಿರಿ? ಘಾಟಿಗೆ ಅದು ಮುಖ್ಯ.

ಕೊಪ್ಪದ ಕಾರು:
ಡಾಟ್ 3. ಹೊಸ ಬಾಟಲಿ, ಸೀಲ್ ಇದ್ದದ್ದು. ಹಿಂದಿನದು ಕಾಫಿ ಬಣ್ಣಕ್ಕೆ ತಿರುಗಿತ್ತು.

ಲೆಕ್ಕದ ಮೇಷ್ಟ್ರು:
ಡಾಟ್ 3 ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿಗೆ ಕುದಿಯುತ್ತದೆ. ನೀರಿನ ಅಂಶ ಶೇಕಡಾ 3.7 ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ಮಲೆನಾಡಿನ ಮಳೆಗಾಲದ ತೇವ ಗೊತ್ತೇ ಇದೆ. ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ಒತ್ತಿದರೆ ಕ್ಯಾಲಿಪರ್ ಕಾದು ಆಯಿಲ್ ಕುದಿದು ಆವಿ ಆಗುತ್ತದೆ. ಆವಿಯೂ ಗಾಳಿಯ ಹಾಗೇ ಒತ್ತಿಕೊಳ್ಳುತ್ತದೆ. ಆಗ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 5 ಅಂತ ಬರೆದದ್ದು ಮಾತ್ರ ತರಬೇಡಿ. ಅದು ಸಿಲಿಕೋನ್, ಇದರ ಜೊತೆ ಬೆರೆಯುವುದಿಲ್ಲ.

ಘಟ್ಟದ ದಾರಿ:
ಆಗುಂಬೆಯಲ್ಲಿ 14 ತಿರುವು. ಎರಡನೇ ಗೇರಿನಲ್ಲಿ ಇಳಿಯಿರಿ, ಬಿಗಿ ತಿರುವಿನಲ್ಲಿ ಒಂದನೆಯದು. ವೇಗ ತಗ್ಗಿಸುವ ಕೆಲಸ ಎಂಜಿನ್ ಮಾಡಲಿ. ಬ್ರೇಕ್ ಒತ್ತಿ, ಪೂರ್ತಿ ಬಿಡಿ. ಮತ್ತೆ ಬೇಕಾದಾಗ ಒತ್ತಿ. ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಹೊರಡುವ ಮೊದಲು ಮನೆ ಹತ್ತಿರ ಖಾಲಿ ರಸ್ತೆಯಲ್ಲಿ 20, 40 ವೇಗದಲ್ಲಿ ನಿಲ್ಲಿಸಿ ನೋಡಿ, ಒಂದು ಕಡೆಗೆ ಎಳೆಯುತ್ತಾ ಗಮನಿಸಿ.

ಹಳೇ ಗ್ಯಾರೇಜ್:
ನೂರು ಕಿ.ಮೀ. ಓಡಿದ ಮೇಲೆ ನಾಲ್ಕೂ ಚಕ್ರದ ಒಳಬದಿ ಟಾರ್ಚ್ ಹಾಕಿ ನೋಡಿ. ಬ್ಯಾಂಜೋ ಬೋಲ್ಟ್, ನಿಪ್ಪಲ್ ಎರಡಕ್ಕೂ ಬೆರಳು ಮುಟ್ಟಿಸಿ. ಜಿಡ್ಡು ಅನ್ನಿಸಿದರೆ ಇಲ್ಲಿ ಬರೆಯಿರಿ. ನಿಪ್ಪಲ್ಲಿಗೆ ರಬ್ಬರ್ ಟೋಪಿ ಹಾಕಿದ್ದೀರಾ? ಅದು ಇಲ್ಲದಿದ್ದರೆ ಮಳೆಯಲ್ಲಿ ಕೆಸರು ಸೇರಿ ತುಕ್ಕು ಹಿಡಿಯುತ್ತದೆ. ನಿಪ್ಪಲ್ ಒಳಗೆ ಟೊಳ್ಳು, ಮುಂದಿನ ಸಲ ಬಿಚ್ಚುವಾಗ ಮುರಿಯುತ್ತದೆ.

ಕೊಪ್ಪದ ಕಾರು:
ಉಡುಪಿಗೆ ಹೋಗಿ ಬಂದೆವು. ಇಳಿಯುವಾಗ ಎರಡನೇ ಗೇರ್. ಅಮ್ಮ ಮುಂದೆಯೇ ಕೂತಿದ್ದರು. ಸೋಮೇಶ್ವರದಲ್ಲಿ ನಿಲ್ಲಿಸಿ ಮುಂದಿನ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಬಿಸಿ ಇತ್ತು, ಎರಡೂ ಕಡೆ ಒಂದೇ ಸಮ. ಸುಟ್ಟ ವಾಸನೆ ಇರಲಿಲ್ಲ. ಮನೆಗೆ ಬಂದ ಮೇಲೆ ಟಾರ್ಚ್ ಹಾಕಿ ನೋಡಿದೆ ಅಣ್ಣ. ಬ್ಯಾಂಜೋ ಬೋಲ್ಟ್ ಒಣಗಿದೆ, ನಿಪ್ಪಲ್ ಒಣಗಿದೆ. ಡಬ್ಬಿಯ ಮಟ್ಟ ಹಾಕಿದ ಗೆರೆಯಲ್ಲೇ ಇದೆ. ರಬ್ಬರ್ ಟೋಪಿ ಎರಡು ಕಳೆದಿತ್ತು, ಇವತ್ತು ತಂದು ಹಾಕಿದೆ.